ಸಮುದ್ರ ಮಟ್ಟದಿಂದ 920 ಮೀಟರ್ ಮೇಲಿರುವ ಸಮುದ್ರ

ಬೇಸಿಗೆಯಲ್ಲಿ ಸಮುದ್ರವನ್ನು ತಣ್ಣಗಿಡುವುದು ಹೇಗೆ ಎಂದು ಇದುವರೆಗೆ ಯಾರೂ ನನ್ನನ್ನು ಕೇಳಿಲ್ಲ. ಆದರೂ ನಮ್ಮ ಬಡಾವಣೆಯಲ್ಲಿ ಸ್ವಂತ ಸಮುದ್ರ ಇರುವುದು ನನಗೊಬ್ಬನಿಗೇ. ಬಲ್ಲವನು ಬಾಯಿ ಮುಚ್ಚಿಕೊಂಡಿರುವುದು ತರವಲ್ಲವೆಂದು ಬರೆಯುತ್ತಿದ್ದೇನೆ. ನನ್ನದು 200 ಲೀಟರಿನ ಸಮುದ್ರ. ಬೆಂಗಳೂರಿನಲ್ಲಿ, ನಮ್ಮ ಹಾಲ್‌ನಲ್ಲಿ, ಮೊದಲು ಟಿವಿ ಇದ್ದ ಗೋಡೆಗೆ ಒತ್ತಿಕೊಂಡು ನಿಂತಿದೆ. ಅಲೆ ವೇವ್‌ಮೇಕರಿನದು, ಬೆಳದಿಂಗಳು ನೀಲಿ ಎಲ್‌ಇಡಿಯದು.

ಹವಳದ ಬಗ್ಗೆ ಮೊದಲೇ ಒಂದು ಸ್ಪಷ್ಟನೆ. ದಿಬ್ಬ ಕಟ್ಟುವ ಗಟ್ಟಿ ಹವಳಗಳೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಹುಲಿ ಇರುವುದೂ ಅದೇ ಅನುಸೂಚಿಯಲ್ಲಿ. ಹಾಲ್‌ನಲ್ಲಿ ಹುಲಿ ಕಟ್ಟದವರು ಇದನ್ನೂ ಕಟ್ಟುವಂತಿಲ್ಲ. ಹಾಗಾಗಿ ನನ್ನಲ್ಲಿರುವುದು ಮಶ್ರೂಮ್, ಜೊವಾಂಥಿಡ್ ಎಂಬ ಮೆತ್ತನೆಯ ಜೀವಿಗಳು. ದೂರದಿಂದ ಅಂಗಿಯ ಗುಂಡಿಗಳಂತೆ ಕಾಣುತ್ತವೆ. ಅವು ಕೂತ ದಿಬ್ಬ ಸಿಮೆಂಟಿನದು. ಎರಡು ಕ್ಲೌನ್ ಮೀನುಗಳಿವೆ. ಒಟ್ಟಿನಲ್ಲಿ ಈ ಹವಳದ ದಿಬ್ಬದಲ್ಲಿ ಹವಳದ ದಿಬ್ಬವೊಂದನ್ನು ಬಿಟ್ಟು ಉಳಿದದ್ದೆಲ್ಲ ಇದೆ.

ನೀರು ಕಾವೇರಿಯದು. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಮೂರು ಹಂತದಲ್ಲಿ ಪಂಪು ಮಾಡಿ, ಹತ್ತಿರ ಹತ್ತಿರ 500 ಮೀಟರ್ ಮೇಲೆತ್ತಿ ಅದನ್ನು ನಗರಕ್ಕೆ ತರುತ್ತಾರೆ. ಬಂದ ನೀರನ್ನು ನಾನು ಆರ್‌ಒಗೆ ಹಾಕಿ ಅದರಲ್ಲಿರುವ ಅಷ್ಟಿಷ್ಟು ಲವಣವನ್ನೂ ತೆಗೆಸುತ್ತೇನೆ. ತೆಗೆಸಿದ ಮೇಲೆ ಲೀಟರಿಗೆ 35 ಗ್ರಾಮಿನ ಲೆಕ್ಕದಲ್ಲಿ ಏಳು ಕಿಲೋ ವಿದೇಶಿ ಉಪ್ಪು ಸುರಿಯುತ್ತೇನೆ. ಕಾವೇರಿ ನ್ಯಾಯಮಂಡಳಿ 2007ರ ಐತೀರ್ಪಿನಲ್ಲಿ, ಯಾರು ಏನು ಮಾಡಿದರೂ ಸಮುದ್ರ ಸೇರಿಯೇ ತೀರುವ ನೀರು ಎಂದು 4 ಟಿಎಂಸಿ ತೆಗೆದಿರಿಸಿದೆ. ನನ್ನ 200 ಲೀಟರ್ ಆ ಬಾಬತ್ತಿಗೆ ಸೇರುತ್ತದೆ ಎಂಬುದು ನನ್ನ ಅಭಿಪ್ರಾಯ. ಪೂಂಪುಹಾರಿನವರೆಗೆ ಹೋಗುವ ಶ್ರಮ ಅಷ್ಟರಮಟ್ಟಿಗೆ ನದಿಗೆ ಉಳಿಯಿತು.

ಈಗ ಶಾಖದ ವಿಷಯ. ಸಮುದ್ರ 24ರಿಂದ 26 ಡಿಗ್ರಿಯೊಳಗೆ ಇರಬೇಕು. 2024ರ ಏಪ್ರಿಲ್ 28ರಂದು ಬೆಂಗಳೂರು 38.5 ಡಿಗ್ರಿ ಮುಟ್ಟಿತು. ಮನುಷ್ಯನಿಗಾದರೆ ಅಷ್ಟಕ್ಕೆ ಪ್ಯಾರಾಸಿಟಮಾಲ್ ಕೊಡುತ್ತಾರೆ. ನೀರು ಬಿಸಿಯಾದರೆ ಆಗುವುದೇನು? ಹವಳದ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಬಾಡಿಗೆಗಿರುತ್ತದೆ. ಬಿಸಿಲಿನಿಂದ ಅಡುಗೆ ಮಾಡಿ ಅದರ ಬಹುಪಾಲನ್ನು ಬಾಡಿಗೆಯಾಗಿ ಕೊಡುತ್ತದೆ, ಬಣ್ಣವನ್ನೂ ಅದೇ ಕೊಡುತ್ತದೆ. ಶಾಖ ಏರಿ ಹಾಗೇ ನಿಂತರೆ ಮಾಲೀಕನಿಗೆ ತಲೆ ಕೆಟ್ಟು ಬಾಡಿಗೆದಾರನನ್ನು ಹೊರಗೆ ಹಾಕುತ್ತಾನೆ. ಆಮೇಲೆ ಬಿಳಿಚಿಕೊಂಡು ಉಪವಾಸ ಬೀಳುತ್ತಾನೆ. ಬೆಂಗಳೂರಿನ ಮನೆ ಮಾಲೀಕರು ಇಷ್ಟು ಅವಿವೇಕಿಗಳಲ್ಲ, ಹತ್ತು ತಿಂಗಳ ಅಡ್ವಾನ್ಸ್ ಇಟ್ಟುಕೊಂಡಿರುತ್ತಾರೆ.

ಅದೇ ಏಪ್ರಿಲ್ 15ರಂದು ಅಮೆರಿಕದ ನೋವಾ ಸಂಸ್ಥೆ, ಜಗತ್ತಿನ ಹವಳಗಳು ಸಾಮೂಹಿಕವಾಗಿ ಬಿಳಿಚಿಕೊಳ್ಳುವುದು ಇದು ನಾಲ್ಕನೇ ಸಲ ಎಂದು ಪ್ರಕಟಿಸಿತು. ಆ ಬೇಸಿಗೆ ಲಕ್ಷದ್ವೀಪದ ಹವಳಗಳೂ ಬೆಳ್ಳಗಾದವು. ಅಲ್ಲಿ ಸಮುದ್ರದ ಪಕ್ಕ ಪ್ಲಗ್ ಪಾಯಿಂಟ್ ಕೊಟ್ಟಿಲ್ಲ.

ನಾನು ಮೊದಲು ಹಿಡಿದದ್ದು ಐಸ್ ಮಾರ್ಗ. ನೀರು ತುಂಬಿದ ಬಾಟಲಿಯನ್ನು ಫ್ರೀಜರಿನಲ್ಲಿಟ್ಟು, ಗಟ್ಟಿಯಾದ ಮೇಲೆ ಮುಚ್ಚಳ ತೆಗೆಯದೆ ಟ್ಯಾಂಕಿನಲ್ಲಿ ತೇಲಿಬಿಡುವುದು. ಮುಚ್ಚಳ ತೆಗೆದರೆ ಉಪ್ಪು ಸಪ್ಪೆಯಾಗುತ್ತದೆ. ನಮ್ಮ ಫ್ರೀಜರಿನಲ್ಲಿ ಜನವರಿಯಲ್ಲಿ ಅಮ್ಮ ಕೂತು ಹಿತಕಿಟ್ಟ ಅವರೆಬೇಳೆ ಇತ್ತು. ಅದನ್ನು ಖಾಲಿ ಮಾಡಿಸಬೇಕಾಯಿತು. ನಾಲ್ಕು ದಿನ ಎರಡು ಹೊತ್ತೂ ಹಿತಕಿದ ಬೇಳೆ ಸಾರು. ಐದನೇ ದಿನ ಕಾಗದ ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದೆ: ಒಂದು ಲೀಟರಿನ ಐಸ್ ಬಾಟಲಿ ಪೂರ್ತಿ ಕರಗಿದರೆ 200 ಲೀಟರ್ ನೀರು ಅರ್ಧ ಡಿಗ್ರಿ ಇಳಿಯುತ್ತದೆ. ಲೆಕ್ಕವನ್ನು ಬೇಳೆಗಿಂತ ಮೊದಲು ಹಾಕಬಹುದಿತ್ತು ಎಂದು ಅಮ್ಮ ಹೇಳಿದರು. ವಿಜ್ಞಾನ ಬೆಳೆಯುವ ಕ್ರಮ ಅವರಿಗೆ ಗೊತ್ತಿಲ್ಲ.

ಅದೇ ಒಂದು ಲೀಟರ್ ನೀರು ಆವಿಯಾಗಿ ಹೋದರೆ? ಹೆಚ್ಚುಕಡಿಮೆ ಮೂರು ಡಿಗ್ರಿಯಷ್ಟು ಶಾಖವನ್ನು ಕಟ್ಟಿಕೊಂಡು ಹೋಗುತ್ತದೆ. ಸುಮಾರು ಆರು ಐಸ್ ಬಾಟಲಿಗೆ ಸಮ. ಹೀಗೆ ನಾನು ಫ್ಯಾನ್ ಮಾರ್ಗಕ್ಕೆ ಬಂದೆ. ಟ್ಯಾಂಕಿನ ಮುಚ್ಚಳ ತೆಗೆದು ನೀರಿನ ಮೇಲೆ ಓರೆಯಾಗಿ ಗಾಳಿ ಬೀಸಿಸಿದರೆ ಸಾಕು. ಈ ಆವಿಷ್ಕಾರವನ್ನು ಮನೆಯವರಿಗೆಲ್ಲ ವಿವರಿಸುತ್ತಿದ್ದಾಗ ಅಜ್ಜಿ, ಅಡುಗೆಮನೆಯಲ್ಲಿ ಒದ್ದೆ ಬಟ್ಟೆ ಸುತ್ತಿಟ್ಟಿದ್ದ ಮಣ್ಣಿನ ಮಡಕೆಯಿಂದ ಲಾವಂಚದ ನೀರು ಬಗ್ಗಿಸಿ ತಂದು, "ಬಾಯಿ ಒಣಗಿರತ್ತೆ, ಕುಡಿಯೋ" ಎಂದು ಕೊಟ್ಟರು. ತಣ್ಣಗಿತ್ತು. ಕುಡಿದು ವಿವರಣೆ ಮುಂದುವರಿಸಿದೆ.

ಈ ವಿದ್ಯೆ ಫಲಿಸುವುದು ಗಾಳಿ ಒಣಗಿದ್ದರೆ ಮಾತ್ರ. ಮಂಗಳೂರಿನಲ್ಲಿ, ಅಸಲಿ ಸಮುದ್ರದ ಎದುರಿಗೇ, ಗಾಳಿ ಆಗಲೇ ನೀರು ಕುಡಿದು ತೇಗುತ್ತಿರುತ್ತದೆ; ಫ್ಯಾನಿಟ್ಟರೆ ಫ್ಯಾನ್ ತಿರುಗುತ್ತದೆ ಅಷ್ಟೆ. ಸಮುದ್ರ ಸಾಕಲು ಘಟ್ಟದ ಮೇಲೆಯೇ ವಾಸಿ.

ಆವಿಯಾಗುವುದು ನೀರು, ಉಪ್ಪಲ್ಲ. ಆದ್ದರಿಂದ ಹೋದಷ್ಟನ್ನು ಸಿಹಿನೀರಿನಿಂದಲೇ ತುಂಬಬೇಕು. ನನ್ನ ಟ್ಯಾಂಕಿಗೆ ದಿನಕ್ಕೆ ನಾಲ್ಕು ಲೀಟರ್ ಬೇಕು, ನಮ್ಮ ಆರ್‌ಒ ಒಂದು ಲೀಟರ್ ಕೊಟ್ಟು ಮೂರು ಚೆಲ್ಲುತ್ತದೆ. ಒಟ್ಟು 16 ಲೀಟರ್, ಅಂದರೆ ಒಂದು ಬಕೆಟ್, ಅಂದರೆ ಅಪ್ಪನ ಸ್ನಾನ. 2024ರ ಮಾರ್ಚಿನಲ್ಲಿ ಕಾರು ತೊಳೆಯಲು, ಗಿಡಕ್ಕೆ, ಕಾರಂಜಿಗೆ ಕುಡಿಯುವ ನೀರು ಬಳಸಿದರೆ ಐದು ಸಾವಿರ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತಲ್ಲ, ಅದನ್ನು ಎರಡು ಸಲ ಓದಿದೆ. ಸಮುದ್ರದ ಹೆಸರು ಎಲ್ಲೂ ಇರಲಿಲ್ಲ. ಆ ದಿನಗಳಲ್ಲಿ "ಸಂಪ್‌ನಲ್ಲಿ ನೀರಿದೆಯೇನೋ?" ಎಂದು ಅಪ್ಪ ಬೆಳಿಗ್ಗೆ ಕೇಳಿದರೆ, "ತುಂಬಿದೆ" ಎಂದು ನಾನು ಪ್ರಾಮಾಣಿಕವಾಗಿಯೇ ಹೇಳುತ್ತಿದ್ದೆ. ಟ್ಯಾಂಕಿನ ಕೆಳಗೆ ಫಿಲ್ಟರ್ ಕೂರುವ ಗಾಜಿನ ಪೆಟ್ಟಿಗೆಗೂ ನಮ್ಮ ಹವ್ಯಾಸದಲ್ಲಿ ಸಂಪ್ ಎಂದೇ ಹೆಸರು. ಸೋಪು ಹಚ್ಚಿಕೊಂಡ ಮೇಲೆ ಅವರಿಗೆ ವ್ಯತ್ಯಾಸ ತಿಳಿಯಿತು.

ಕರೆಂಟ್ ಹೋದಾಗ ಏನು ಮಾಡಬೇಕು ಎಂಬುದಕ್ಕೆ ಉತ್ತರ ಸರಳ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ಮೇಲ್ಮೈ ಕದಡುವುದು ನಿಂತರೆ ಮೀನು ಉಸಿರುಗಟ್ಟುತ್ತದೆ. ಮನುಷ್ಯರಿಗೆ ಗಾಳಿ ಮೂಗಿನ ಬಳಿಗೇ ಬರುತ್ತದೆ, ಮೀನಿಗೆ ಯಾರಾದರೂ ಬೆರೆಸಿ ಕೊಡಬೇಕು. ಆದಕಾರಣ ಇನ್ವರ್ಟರ್ ಮೇಲೆ ಮೊದಲ ಹಕ್ಕು ವೇವ್‌ಮೇಕರಿನದು, ಆಮೇಲೆ ಟ್ಯಾಂಕಿನ ಫ್ಯಾನಿನದು. ಮನೆಯವರಿಗೆ ಬೀಸಣಿಗೆ ತಂದುಕೊಟ್ಟಿದ್ದೇನೆ, ತಲೆಗೊಂದು.

ಇಷ್ಟಾದರೂ ಮೇ ತಿಂಗಳಲ್ಲಿ 28 ದಾಟಿದಾಗ ಚಿಲ್ಲರ್ ತಂದೆ. ಇದು ಫ್ರಿಜ್ಜಿನ ತಮ್ಮ: ನೀರಿನ ಶಾಖವನ್ನು ಹೀರಿ ಹಿಂಭಾಗದಿಂದ ಹೊರಗೆ ಊದುತ್ತದೆ, ಜೊತೆಗೆ ತನ್ನ ಮೋಟಾರಿನ ಶಾಖವನ್ನೂ ಸೇರಿಸುತ್ತದೆ. ಅಪ್ಪ ವಿದ್ಯುತ್ ಇಲಾಖೆಯಲ್ಲಿ ಇದ್ದು ನಿವೃತ್ತರಾದವರು. ಅದರ ಹಿಂದೆ ಕೈಯೊಡ್ಡಿ ಸ್ವಲ್ಪ ಹೊತ್ತು ನಿಂತರು.

"ಈ ಬಿಸಿ ಎಲ್ಲಿಗೆ ಹೋಗತ್ತೋ?"

"ಹಾಲ್‌ಗೆ."

"ಹಾಲ್‌ನ ಬಿಸಿ?"

"ಟ್ಯಾಂಕಿಗೆ."

"ಟ್ಯಾಂಕಿನದು?"

"ಚಿಲ್ಲರ್‌ಗೆ."

ಅವರು ಕುರ್ಚಿ ಎತ್ತಿಕೊಂಡು ಬಾಲ್ಕನಿಗೆ ಹೋದರು. ಈಗ ಪೇಪರ್, ಕಾಫಿ, ಮಧ್ಯಾಹ್ನದ ನಿದ್ದೆ ಎಲ್ಲ ಅಲ್ಲೇ.

ಸದ್ಯ ಸಮುದ್ರ 25.8, ಹಾಲ್ 35. ಈ ವರ್ಷ ಅಮ್ಮ ಸಂಡಿಗೆ ಒಣಗಿಸಲು ತಾರಸಿ ಹತ್ತಲಿಲ್ಲ. ಚಿಲ್ಲರಿನ ಹಿಂದೆ ಹಳೆಯ ಪಂಚೆ ಹಾಸಿ ಇಡುತ್ತಾರೆ, ಧೂಳಿಲ್ಲ, ಕಾಗೆ ಕಾಟವಿಲ್ಲ, ರಾತ್ರಿಯೂ ಒಣಗುತ್ತದೆ. ಅರಳು ಸಂಡಿಗೆ, ಅಕ್ಕಿ ಸಂಡಿಗೆ ಬೇಕಾದವರು ಮುಂಗಾರು ಹಿಡಿಯುವ ಮೊದಲೇ ತಿಳಿಸಬೇಕು. ಆಮೇಲೆ ಯಂತ್ರ ಆರಿಸುತ್ತೇವೆ.