ಗುಂಡಿಗೊಂದು ಮೊಸಳೆ, ಬಿಸಿಗೊಂದು ಟೈ

ಭೂಮಿ ಕಾದು ಕೆಂಪಾಗುತ್ತಿರುವುದರಿಂದ ಕೊನೆಗೂ ಒಂದು ಉಪಯೋಗವಾಗಿದೆ: ಒಳ್ಳೆಯ ಟೈ ಸಿಕ್ಕಿದೆ. ಬ್ರಿಟನ್ನಿನ ರೆಡಿಂಗ್ ವಿಶ್ವವಿದ್ಯಾಲಯದ ಹವಾಮಾನ ವಿಜ್ಞಾನಿ ಎಡ್ ಹಾಕಿನ್ಸ್ 2018ರಲ್ಲಿ ವರ್ಷಕ್ಕೊಂದು ಪಟ್ಟೆಯಂತೆ ತಾಪಮಾನದ ಚಿತ್ರ ಬಿಡಿಸಿದರು. ತಂಪು ವರ್ಷಕ್ಕೆ ನೀಲಿ, ಬಿಸಿ ವರ್ಷಕ್ಕೆ ಕೆಂಪು. ಅಕ್ಷರವಿಲ್ಲ, ಅಂಕಿಯಿಲ್ಲ, ಎಡದಿಂದ ಬಲಕ್ಕೆ ಕಣ್ಣಾಡಿಸಿದರೆ ಭೂಮಿಯ ಜ್ವರ ಏರಿದ್ದು ಯಾರಿಗಾದರೂ ಕಾಣುತ್ತದೆ. ಅವರ ಸಹೋದ್ಯೋಗಿ ಎಲ್ಲೀ ಹೈವುಡ್ ಅದಕ್ಕೂ ಮೊದಲೇ ಇಂಥದೇ ಲೆಕ್ಕವನ್ನು ಕ್ರೋಶಾ ಹೊದಿಕೆಯಾಗಿ ಹೆಣೆದಿದ್ದರು. ಜ್ವರ ಬಂದವರಿಗೆ ಕಂಬಳಿ ಹೊದಿಸುವುದು ನಮ್ಮಲ್ಲೂ ಇರುವ ಪದ್ಧತಿಯೇ.

ಚಿತ್ರದಲ್ಲಿ ದೋಷವಿಲ್ಲ. ಅದು ತುಸು ಹೆಚ್ಚೇ ಚಂದ ಕಂಡಿತು, ಅಷ್ಟೇ. ಪಟ್ಟೆಗಳು ಟೈಗೆ ಹೋದವು, ಸ್ಕಾರ್ಫಿಗೆ ಹೋದವು, ರೆಡಿಂಗ್ ಫುಟ್‌ಬಾಲ್ ತಂಡದ ಅಂಗಿಯ ತೋಳಿಗೂ ಏರಿದವು. ಹವಾಮಾನ ಸಮ್ಮೇಳನಕ್ಕೆ ವಿಮಾನ ಹತ್ತುವ ಪ್ರತಿನಿಧಿ ಈಗ ಪ್ರಳಯವನ್ನು ಕುತ್ತಿಗೆಗೆ ಕಟ್ಟಿಕೊಂಡೇ ಹೋಗಬಹುದು. ನಮ್ಮ ಸೀರೆ ಅಂಗಡಿಯವರು ಇನ್ನೂ ಎಚ್ಚೆತ್ತಿಲ್ಲ. ಎಚ್ಚೆತ್ತರೆ ಸೆರಗಿನ ಕೆಂಪಿಗೆ ಬರಗಾಲವಿಲ್ಲ.

ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಮೋಮಾ ಇನ್ನೂ ಒಂದು ಹೆಜ್ಜೆ ಮುಂದೆ. 2022ರಲ್ಲಿ ಕಲಾವಿದ ರೆಫಿಕ್ ಅನಾಡೋಲ್ ಆ ಸಂಗ್ರಹಾಲಯದ ಕಲಾಕೃತಿಗಳ ದತ್ತಾಂಶವನ್ನು ಕೃತಕ ಬುದ್ಧಿಮತ್ತೆಗೆ ಉಣಿಸಿ, ಗೋಡೆಯೆತ್ತರದ ಪರದೆಯ ಮೇಲೆ ಬಣ್ಣದ ಅಲೆ ಉಕ್ಕಿಸಿದರು. ಏನು ತಿಳಿಯಿತು ಎಂದು ಕೇಳುವುದು ಅಸಭ್ಯತೆ.

ಫ್ಲಾರೆನ್ಸ್ ನೈಟಿಂಗೇಲ್‌ಗೆ ಈ ಸಭ್ಯತೆ ಗೊತ್ತಿರಲಿಲ್ಲ. ಕ್ರೈಮಿಯಾ ಯುದ್ಧದಿಂದ ಮರಳಿದ ಆಕೆ 1858ರಲ್ಲಿ ಸತ್ತ ಸೈನಿಕರ ಲೆಕ್ಕವನ್ನು ತಿಂಗಳಿಗೊಂದು ಎಸಳಿನಂತೆ ಬರೆದರು. ಗಾಯದಿಂದ ಸತ್ತವರು ಕೆಂಪು. ಕಾಲರಾ, ಭೇದಿಯಂಥ ತಡೆಯಬಹುದಾದ ರೋಗದಿಂದ ಸತ್ತವರು ನೀಲಿ. ನೀಲಿಯ ಮುಂದೆ ಕೆಂಪು ಸಣ್ಣ ಚೂರು. ಶತ್ರುವಿನ ಗುಂಡಿಗಿಂತ ನಿಮ್ಮ ಆಸ್ಪತ್ರೆಯ ಕೊಳಕೇ ಹೆಚ್ಚು ಜನರನ್ನು ಕೊಂದಿದೆ ಎಂದು ದೊರೆಗಳ ಮೇಜಿನ ಮೇಲೆ ಹೂವಿಟ್ಟು ಹೇಳಿದಂತಾಯಿತು. ಆಕೆಗೆ ನೆರವಾಗುತ್ತಿದ್ದ ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಅವರ ಅಭಿಪ್ರಾಯ ಬೇರೆ: ಅಂಕಿಅಂಶ ಒಣಗಿದ್ದಷ್ಟೂ ಒಳ್ಳೆಯದು.

ನಮ್ಮ ಪ್ರಗತಿ ಪರಿಶೀಲನಾ ಸಭೆಗಳು ಇಬ್ಬರ ಮಾತನ್ನೂ ಮೀರಿ ಬೆಳೆದಿವೆ. ಪೈ ಚಾರ್ಟಿಗೆ ದಪ್ಪ ಕೊಟ್ಟು ಸ್ವಲ್ಪ ವಾಲಿಸಿದರೆ ಮುಂದಿನ ಹೋಳು ಹಿಗ್ಗುತ್ತದೆ. ಆದ್ದರಿಂದ ‘ಪೂರ್ಣಗೊಂಡ ಕಾಮಗಾರಿ’ ಸದಾ ಮುಂದೆ, ‘ಬಾಕಿ’ ಸದಾ ಹಿಂದೆ. ಬಾರ್ ಗ್ರಾಫನ್ನು ಸೊನ್ನೆಯಿಂದ ಶುರುಮಾಡುವುದು ಹಳ್ಳಿ ಗಮಾರರ ಕೆಲಸ. 90ರಿಂದ ಶುರುಮಾಡಿ ನೋಡಿ, 91ರ ಪಕ್ಕದಲ್ಲಿ 92 ಎರಡರಷ್ಟು ಎತ್ತರ ನಿಲ್ಲುತ್ತದೆ! ಒಂದೇ ಒಂದು ಇಟ್ಟಿಗೆ ಹೊರದೆ ಅಭಿವೃದ್ಧಿಯನ್ನು ಇಮ್ಮಡಿಗೊಳಿಸುವ ಈ ವಿದ್ಯೆಗೆ ಇಂಜಿನಿಯರಿಂಗ್ ಕಾಲೇಜುಗಳು ಯಾಕೆ ಪದಕ ಕೊಡುವುದಿಲ್ಲವೋ. ಅದರ ಮೇಲೆ ಡ್ಯಾಶ್‌ಬೋರ್ಡು. ಹಸಿರು ದೀಪ ಮಿನುಗಿದರೆ ಸಾಕು, ಕಿಟಕಿಯಾಚೆ ರಸ್ತೆ ಇದೆಯೋ ಇಲ್ಲವೋ ಎಂದು ಯಾರೂ ಎದ್ದು ನೋಡಬೇಕಿಲ್ಲ.

ಬೆಂಗಳೂರಿನ ಕಲಾವಿದ ಬಾದಲ್ ನಂಜುಂಡಸ್ವಾಮಿಗೆ ಪರದೆಯ ಹಂಗೇ ಬೇಕಾಗಲಿಲ್ಲ. 2015ರಲ್ಲಿ ಸುಲ್ತಾನ್‌ಪಾಳ್ಯದ ದೊಡ್ಡ ಗುಂಡಿಗೆ ಕೆರೆಯ ಬಣ್ಣ ಬಳಿದು, ಸ್ವಂತ ಖರ್ಚಿನಲ್ಲಿ ಒಂದು ಫೈಬರ್ ಮೊಸಳೆಯನ್ನು ಅದರಲ್ಲಿ ಬಿಟ್ಟರು. ಗುಂಡಿಯ ಉದ್ದ, ಆಳ, ದೂರು ಸಂಖ್ಯೆ ಯಾವುದನ್ನೂ ಬರೆಯಲಿಲ್ಲ. ಪಾಲಿಕೆಗೆ ಅರ್ಥವಾಯಿತು, ರಿಪೇರಿ ಶುರುವಾಯಿತು. 2019ರಲ್ಲಿ ದೇಶವೇ ಚಂದ್ರಯಾನ-2 ಇಳಿಯುವುದನ್ನು ಕಾಯುತ್ತಿದ್ದಾಗ ಹೇರೋಹಳ್ಳಿಯ ರಸ್ತೆಯಲ್ಲಿ ಗಗನಯಾತ್ರಿಯ ವೇಷದ ನಟನೊಬ್ಬನನ್ನು ನಡೆಸಿದರು. ವಿಡಿಯೋದಲ್ಲಿ ಚಂದ್ರನ ಕುಳಿಗಳೆಂದೇ ನೋಡುತ್ತಿದ್ದವರಿಗೆ ಪಕ್ಕದಲ್ಲಿ ಆಟೋ ಹಾದಾಗ ನಿಜ ಗೊತ್ತಾಯಿತು. ಆ ಗುಂಡಿಗಳೂ ಬೇಗನೆ ಮುಚ್ಚಿದವು.

ಹಾಗಾಗಿ ಓದುಗರೇ, ನಿಮ್ಮ ಬೀದಿಯ ಗುಂಡಿಗೆ ಅರ್ಜಿ ಬರೆದು, ಫೋಟೋ ಅಂಟಿಸಿ, ಆ್ಯಪ್‌ನಲ್ಲಿ ಹಸಿರು ದೀಪಕ್ಕೆ ಕಾಯುತ್ತ ಕೂರಬೇಡಿ. ಒಳ್ಳೆಯ ಮೊಸಳೆ ಎಲ್ಲಿ ಸಿಗುತ್ತದೆಂದು ವಿಚಾರಿಸಿ.