ಮೊಸರನ್ನದ ಬೆಕ್ಕು, ಬಂಗುಡೆಯ ತಲೆ

ಬೀದಿ ಬೆಕ್ಕಿಗೆ ಒಂದು ಬಟ್ಟಲು ಹಾಲಿಟ್ಟರೆ ಪುಣ್ಯ ಬರುತ್ತದೆ ಎಂದು ಮೈಸೂರಿನ ಕೃಷ್ಣಮೂರ್ತಿಪುರಂನ ನಮ್ಮ ಬೀದಿಯವರ ನಂಬಿಕೆ. ಪುಣ್ಯ ಬಂತೋ ಇಲ್ಲವೋ, ಬೆಕ್ಕುಗಳಂತೂ ಬಂದವು. ಹಾಲಿಡುವವರಲ್ಲಿ ನಾನೇ ಮುಂದು. ಬ್ಯಾಂಕಿನಿಂದ ನಿವೃತ್ತರಾದ ನಮ್ಮವರಿಗೆ ಲೆಕ್ಕ ಹಾಕಲು ಏನಾದರೂ ಬೇಕಿತ್ತು. ಪೇಪರಿನ ಅಂಚಿನಲ್ಲಿ ಬರೆದು ತೋರಿಸಿದರು. ಬೆಕ್ಕಿನ ಗರ್ಭ ಒಂಬತ್ತು ವಾರ. ಸೂಲಿಗೆ ನಾಲ್ಕು ಮರಿ ಅಂತಿಟ್ಟುಕೋ. ಹೆಣ್ಣುಮರಿ ಐದು ತಿಂಗಳಾಗುವಷ್ಟರಲ್ಲಿ ತಾನೇ ಬಸುರಿಯಾಗಬಹುದು. ತಾಯಿ ಹಾಲೂಡಿಸುತ್ತಿರುವಾಗಲೇ ಮತ್ತೆ ಗಬ್ಬ ಕಟ್ಟಬಹುದು. “ನೀನು ಇಡ್ತಿರೋದು ಹಾಲಲ್ಲ ಕಣೇ, ಅಸಲು. ಇದು ಚಕ್ರಬಡ್ಡಿ,” ಎಂದರು.

ಅವರು ಸೂಚಿಸಿದ ಪರಿಹಾರ ಹಳೇ ಕಾಲದ್ದು: ಗೋಣಿಚೀಲ. ಬೆಕ್ಕನ್ನು ಕಟ್ಟಿಕೊಂಡು ಹೋಗಿ ದೇವರಾಜ ಮಾರುಕಟ್ಟೆ ಹತ್ತಿರ ಬಿಟ್ಟುಬರುವುದು. ಹಾಗೆ ಬಿಟ್ಟದ್ದು ಅಲ್ಲಿ ಅನ್ನ ಸಿಗದೆ, ಅಲ್ಲಿನ ಬೆಕ್ಕುಗಳಿಂದ ಪರಚಿಸಿಕೊಂಡು ಸಾಯುತ್ತದೆ. ಇಲ್ಲಿ ಹಾಲಿನ ಬಟ್ಟಲು ಇದ್ದೇ ಇರುವುದರಿಂದ ಖಾಲಿಯಾದ ಜಾಗಕ್ಕೆ ಪಕ್ಕದ ಬೀದಿಯದು ಬಂದು ಕೂರುತ್ತದೆ. ಹಿಡಿದು, ಸಂತಾನಹರಣದ ಆಪರೇಷನ್ ಮಾಡಿಸಿ, ಹಿಡಿದ ಜಾಗದಲ್ಲೇ ಬಿಡುವುದೊಂದೇ ಬುದ್ಧಿವಂತರ ದಾರಿ. ಇದನ್ನೆಲ್ಲ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಉದ್ದಕ್ಕೆ ಬರೆದು, ಕೊನೆಗೆ ‘ನೇತೃತ್ವ ನಾನೇ ವಹಿಸುತ್ತೇನೆ’ ಎಂದು ಸೇರಿಸಿದೆ. ಬೇಕಾದಷ್ಟು ಜನ ಕೈಮುಗಿದ ಚಿತ್ರ ಕಳಿಸಿದರು. ಕೈ ಮಾತ್ರ ಯಾರೂ ಕಳಿಸಲಿಲ್ಲ.

ಬೆಕ್ಕು ಹಿಡಿಯುವ ಬೋನು ತಂದುಕೊಟ್ಟವಳು ಪ್ರಾಣಿಗಳ ಕೆಲಸ ಮಾಡುವ ಒಬ್ಬ ಹುಡುಗಿ. “ಆಂಟಿ, ಹಿಂದಿನ ದಿನದಿಂದ ಏನೂ ಹಾಕಬೇಡಿ. ಹಸಿದಿದ್ರೆ ಬೋನಿಗೆ ಬರುತ್ತೆ, ಅರಿವಳಿಕೆಗೂ ಹೊಟ್ಟೆ ಖಾಲಿ ಇರಬೇಕು. ಬಿದ್ದ ತಕ್ಷಣ ಬಟ್ಟೆ ಮುಚ್ಚಿ, ಕತ್ತಲಾದ್ರೆ ಸುಮ್ಮನಾಗುತ್ತೆ. ಒಳಗೆ ಚೆನ್ನಾಗಿ ವಾಸನೆ ಹೊಡೆಯೋ ಮೀನು ಇಡಿ.”

ಮೀನು! ನಮ್ಮ ಮನೆಗೆ ಈರುಳ್ಳಿ ಬರುವುದೂ ಏಕಾದಶಿ ಅಲ್ಲ ಎಂದು ಖಚಿತವಾದ ಮೇಲೆ. ಹಿಂದಿನ ಬೀದಿಯ ಮಂಗಳೂರಕ್ಕನ ಬಾಗಿಲಿಗೆ ಹೋಗಿ, ಮೂರು ಸಲ ಹವಾಮಾನ ವಿಚಾರಿಸಿ, ಕಡೆಗೆ ಬಾಯಿಬಿಟ್ಟೆ. “ಎಂತ ಮಾರಾಯ್ರೆ, ಬಂಗುಡೆ ತಲೆ ಕೇಳ್ಲಿಕ್ಕೆ ಇಷ್ಟು ನಾಚಿಕೆಯಾ?” ಎಂದು ಬೀದಿಗೆಲ್ಲ ಕೇಳುವಂತೆ ನಕ್ಕು ಡಬ್ಬಿ ತುಂಬಿಸಿದರು. ಅತ್ತೆ ಹಿತ್ತಲಿನ ಒಗೆಯುವ ಕಲ್ಲಿನಿಂದಾಚೆಗೆ ಅದಕ್ಕೆ ಜಾಗ ತೋರಿಸಿ, ಅದರ ಹೆಸರನ್ನು ಮನೆಯಲ್ಲಿ ಯಾರೂ ಎತ್ತಕೂಡದೆಂದು ವಿಧಿಸಿದರು. ಅಂದಿನಿಂದ ನಮ್ಮಲ್ಲಿ ಮೀನಿಗೆ ‘ಅದು’ ಎಂದೇ ಹೆಸರು.

ನನ್ನ ಗುರಿ ಇದ್ದದ್ದು ಮೂರು ಬಣ್ಣದ ಒಂದು ತಾಯಿ ಬೆಕ್ಕಿನ ಮೇಲೆ. ಮೂರು ಬಣ್ಣದವು ಹೆಚ್ಚುಕಡಿಮೆ ಎಲ್ಲವೂ ಹೆಣ್ಣೇ. ನಸುಕಿನಲ್ಲಿ ಬೋನು ‘ಠಪ್’ ಎಂದಿತು. ಅತ್ತೆಯ ಹಳೇ ಸೀರೆ ಹೊದಿಸಿ, ನಮ್ಮವರಿಂದ ಫೋಟೊ ತೆಗೆಸಿ ಗುಂಪಿಗೆ ಹಾಕಿ, ಅಭಿನಂದನೆಗಳನ್ನೆಲ್ಲ ಸ್ವೀಕರಿಸಿದ ಮೇಲೆ ಸೀರೆ ಎತ್ತಿ ನೋಡುತ್ತೇನೆ, ಒಳಗೆ ಎದುರು ಮನೆ ವಕೀಲರ ಪರ್ಷಿಯನ್ ಸುಲ್ತಾನ, ಬಂಗುಡೆ ತಲೆ ಮುಗಿಸಿ ಮೀಸೆ ನೆಕ್ಕುತ್ತಿದ್ದಾನೆ.

ವಕೀಲರು ಪಂಚೆಯಲ್ಲೇ ಓಡಿ ಬಂದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಿಂದಲೇ ಶುರು ಮಾಡಿದರು. “ನಮ್ಮ ಸುಲ್ತಾನ ಆಚೆಗೇ ಹೋಗಲ್ಲ. ಮೊಸರನ್ನ ಬಿಟ್ಟು ಬೇರೆ ಮೂಸಲ್ಲ.” ಸುಲ್ತಾನ ಬೋನಿನ ಮೂಲೆಯಲ್ಲಿ ಉಳಿದಿದ್ದ ಒಂದು ಕಿವಿರನ್ನು ಹುಡುಕಿ ಬಾಯಿಗೆ ಹಾಕಿಕೊಂಡ. ಬೆಕ್ಕಿಗೆ ಟಾರಿನ್ ಅನ್ನುವುದೊಂದು ಬೇಕು, ಅದು ಇರುವುದು ಮಾಂಸ ಮೀನಿನಲ್ಲಿ, ಸಾಕಷ್ಟು ಸಿಗದಿದ್ದರೆ ಕಣ್ಣು ಹೃದಯ ಎರಡೂ ಕೆಡುತ್ತವೆ ಎಂದು ಹೇಳಲು ಬಾಯಿ ತೆರೆದೆ. ವಕೀಲರ ಮುಂದೆ ಬಾಯಿ ತೆರೆದವರಿಗೆ ಆಗುವುದೇ ನನಗೂ ಆಯಿತು.

ಆಮೇಲೆ ತಾಯಿಯೂ ಸಿಕ್ಕಳೆನ್ನಿ. ಅದಕ್ಕೂ ಮೊದಲು ಸಿಕ್ಕಿದ್ದು ಮರಿಗಳು. ಹೆತ್ತ ಬೆಕ್ಕು ಏಳು ಮನೆ ಬದಲಾಯಿಸುತ್ತದೆ ಅನ್ನುತ್ತಾರಲ್ಲ, ಏಳನೆಯದು ನಮ್ಮ ಅಟ್ಟ. ನವರಾತ್ರಿಗೆಂದು ಗೊಂಬೆ ಪೆಟ್ಟಿಗೆ ಇಳಿಸಿದರೆ ಪಟ್ಟದ ಗೊಂಬೆಗಳ ನಡುವೆ ಮೂರು ಮರಿ. ಅತ್ತೆ ಅಲ್ಲೇ ನಾಮಕರಣ ಮುಗಿಸಿದರು: ರಾಜ, ರಾಣಿ, ಶೆಟ್ಟಿ. ಒಂದು ಬಟ್ಟಲು ಹಸುವಿನ ಹಾಲನ್ನೂ ಇಟ್ಟರು. ಅದು ಮರಿಗಳ ಹೊಟ್ಟೆಗೆ ಆಗುವುದಿಲ್ಲ ಎಂದು ನಾನು ಹೇಳಿದ್ದನ್ನು ಕೇಳಲಿಲ್ಲ. ನಮ್ಮವರ ಇಸ್ತ್ರಿ ಪಂಚೆ ಹೇಳಿದ ಮೇಲೆ ಕೇಳಿದರು.

ಕಾಡು ಸ್ವಭಾವದ ಬೆಕ್ಕಿನ ಮರಿ ಮನುಷ್ಯರಿಗೆ ಸಲೀಸಾಗಿ ಒಗ್ಗುವುದು ಎರಡರಿಂದ ಏಳು ವಾರದೊಳಗೆ. ಇವಕ್ಕೆ ಐದು ಇರಬಹುದೆಂದರು ಡಾಕ್ಟರು. ಬೆಳಿಗ್ಗೆ ಮುಟ್ಟುವುದು, ಮಧ್ಯಾಹ್ನ ಎತ್ತುವುದು, ಸಂಜೆ ಮಾತಾಡಿಸುವುದು ಎಂದು ನಾನು ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಅಷ್ಟರಲ್ಲಿ ‘ರೀ, ಗೊಂಬೆ ಕೂರ್ಸಿದೀರಾ?’ ಎಂದು ಬಂದ ಬೀದಿ ಮಕ್ಕಳೆಲ್ಲ ಒಂದು ಕೈಯಲ್ಲಿ ಚಕ್ಕುಲಿ, ಇನ್ನೊಂದರಲ್ಲಿ ಮರಿ ಹಿಡಿದು ಓಡಾಡಿ, ಹಬ್ಬ ಮುಗಿಯುವುದರೊಳಗೆ ಅವು ಯಾರ ತೊಡೆಯಾದರೂ ಸರಿ ಎನ್ನುವಂತಾದವು. ವೇಳಾಪಟ್ಟಿಯ ಯಶಸ್ಸೆಂದು ಗುಂಪಿನಲ್ಲಿ ಬರೆದೆ.

ತಾಯಿ ಆಪರೇಷನ್ ಮುಗಿಸಿ ಬಂದಳು. ಆದದ್ದು ದೂರದಿಂದಲೇ ತಿಳಿಯಲೆಂದು, ಅರಿವಳಿಕೆಯಲ್ಲಿರುವಾಗಲೇ ಎಡಗಿವಿಯ ತುದಿ ಕತ್ತರಿಸಿದ್ದರು. “ಕಿವಿ ಚುಚ್ಚೋದು ಹೋಗಿ ಕೊಯ್ದೇ ಬಿಟ್ರಾ?” ಎಂದರು ಅತ್ತೆ. ಮನುಷ್ಯರ ಒಡನಾಟವೇ ಇಲ್ಲದೆ ಬೆಳೆದ ಅಂಥವಳಿಗೆ ಮನೆ ಅಂದರೆ ಜೈಲು; ಹಿತ್ತಲಿಗೇ ಬಿಟ್ಟೆವು. ಆದರೂ ನನ್ನನ್ನು ಕಂಡರೆ ಹಲ್ಲು ಕಿರಿಯುವುದು ಬಿಡಲಿಲ್ಲ. ಬೆಕ್ಕಿನ ಮುಂದೆ ಕಣ್ಣನ್ನು ನಿಧಾನ ಮುಚ್ಚಿ ತೆರೆದರೆ ಅದೂ ಹಾಗೇ ಮಾಡುತ್ತದೆ, ಹತ್ತಿರವೂ ಬರುತ್ತದೆ ಎಂದು ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಯೋಗ ಮಾಡಿ ಪ್ರಕಟಿಸಿದ್ದಾರೆ. ಕಾಂಪೌಂಡಿನ ಮೇಲೆ ಕೂತಿದ್ದ ಅವಳಿಗೆ ಭಕ್ತಿಯಿಂದ ಕಣ್ಣು ಮುಚ್ಚಿ ತೆರೆದೆ. ಅವಳು ಆಚೆ ಹಾರಿದಳು. ಅವಳಿದ್ದ ಜಾಗದ ಹಿಂದೆ, ಹಾಲಿನ ಪಾಕೀಟು ಹಿಡಿದು, ವಕೀಲರು. ಆ ಶುಕ್ರವಾರ ಅವರ ಮನೆಯಾಕೆ ಅರಿಶಿನ ಕುಂಕುಮಕ್ಕೆ ಬರಲಿಲ್ಲ.

ಮರಿಗಳಿಗೆ ಮನೆ ಹುಡುಕುವ ಕೆಲಸವನ್ನು ಅತ್ತೆ ಯಾರೂ ಕೇಳದೆಯೇ ಕೈಗೆತ್ತಿಕೊಂಡರು. ಸ್ವಂತ ಮನೆಯೋ ಬಾಡಿಗೆಯೋ? ಬಾಲ್ಕನಿಗೆ ಜಾಲರಿ ಉಂಟೋ? ಊರಿಗೆ ಹೋದರೆ ನೋಡಿಕೊಳ್ಳುವವರು ಯಾರು? ಹುಡುಗಿ ಕೊಟ್ಟಿದ್ದ ಅರ್ಜಿಯಲ್ಲೂ ಇವೇ ಪ್ರಶ್ನೆಗಳಿದ್ದವು. ಅತ್ತೆ ಅದನ್ನು ಓದಿರಲಿಲ್ಲ. “ಇಲಿ ಹಿಡಿಯುತ್ತೆ ಅಂತ ಗ್ಯಾರಂಟಿ ಕೊಡ್ತೀರಾ?” ಎಂದವರನ್ನು ಕಾಫಿಯನ್ನೂ ಕೊಡದೆ ಕಳಿಸಿದರು. ರಾಜ, ರಾಣಿ ಕುವೆಂಪುನಗರದ ಒಂದೇ ಮನೆ ಸೇರಿದವು.

ಉಳಿದ ಶೆಟ್ಟಿಯನ್ನು ಅತ್ತೆ ಬೆಳಕಿಗೆ ಹಿಡಿದು ನೋಡಿದರು. ಮೂಗು ಕೊಂಚ ಚಪ್ಪಟೆ. ಮಾತಾಡದೆ ಸೆರಗಿನಲ್ಲಿ ಸುತ್ತಿಕೊಂಡು ಎದುರು ಮನೆಗೆ ನಡೆದರು, ಹಿಂದೆ ನಾನು.

“ಏನಪ್ಪಾ ವಕೀಲರೇ, ಆಚೆಗೇ ಹೋಗಲ್ಲ ಅಂದ್ರಲ್ಲ ನಿಮ್ಮ ಸುಲ್ತಾನ?”

ವಕೀಲರು ಮರಿಯ ಮೂಗು ನೋಡಿದರು. ಸುಲ್ತಾನನ ಮೂಗು ನೋಡಿದರು. ಸಾಕ್ಷ್ಯ ಸಾಲದು ಎಂದು ವಾದಿಸಬಹುದಿತ್ತು. ಒಳಗಿಂದ ಅವರ ಮನೆಯಾಕೆ ಬಂದು ಮರಿಯನ್ನು ಎತ್ತಿಕೊಂಡೇಬಿಟ್ಟರು. ಅತ್ತೆಯ ಷರತ್ತುಗಳನ್ನು ವಕೀಲರೇ ಬರೆದುಕೊಳ್ಳಬೇಕಾಯಿತು: ಅಪ್ಪನಿಗೆ ಈ ವಾರವೇ ಆಪರೇಷನ್, ಮಗನಿಗೆ ಡಾಕ್ಟರು ಹೇಳಿದಾಗ, ಮೊಸರನ್ನ ಇಬ್ಬರಿಗೂ ಬಂದ್.

“ಹಾಗಾದ್ರೆ ಏನು ಹಾಕೋದಮ್ಮ?”

“ಅದು,” ಎಂದರು ಅತ್ತೆ.

ಈಗ ಭಾನುವಾರ ಬೆಳಕು ಹರಿಯುವ ಮುಂಚೆ ಮಂಗಳೂರಕ್ಕನ ಹಿಂಬಾಗಿಲಲ್ಲಿ ನಾನೂ ವಕೀಲರೂ ಎದುರಾಗುತ್ತೇವೆ. ಇಬ್ಬರ ಕೈಯಲ್ಲೂ ಮುಚ್ಚಳದ ಡಬ್ಬಿ.

“ವಾಕಿಂಗಾ ಸಾರ್?”

“ಹೂಂ ಕಣಮ್ಮ, ವಾಕಿಂಗು.”

ಒಳಗಿಂದ ಮಂಗಳೂರಕ್ಕ ಕೂಗುತ್ತಾರೆ: “ಇವತ್ತು ಬೂತಾಯಿ ಉಂಟು, ವಕೀಲರಿಗೆ ಎಷ್ಟು ಹಾಕ್ಲಿ?”