ಸಿಕ್ಕಾವ್ರ ಸಾಲಗಾರ್ರು

(ಹಾನಗಲ್. ಬೆಳಗಿನ 6 ಗಂಟೆ. ಕಾಕಾ ಕಟ್ಟೆ ಮ್ಯಾಲೆ ಚಹಾ ಕುಡಿಯಾಕತ್ತಾನ. ವಸೂಲಿಯವ ಬರ್ತಾನ.)

ವಸೂಲಿಯವ: ಕಾಕಾ, ಬೈಕಿನ 3 ಕಂತು ಬಾಕಿ ಅದಾವ್ರಿ.

ಕಾಕಾ: ನನಗ ಸೈಕಲ್ ಹೊಡಿಯಾಕೂ ಬರಂಗಿಲ್ಲೋ ತಮ್ಮಾ!

ವಸೂಲಿಯವ: ಆಧಾರ್ ನಿಮ್ದ ಐತಲ್ರಿ.

ಕಾಕಾ: ಫೋಟೋ?

ವಸೂಲಿಯವ: ಯಾವನೋ ಹುಡುಗಂದು. ಹರೇದಾಗ ನೀವ ಹಂಗಿದ್ರೇನೋ ಅಂದ್ಕೊಂಡ್ವಿ.

ಕಾಕಾ: ವಿಳಾಸ?

ವಸೂಲಿಯವ: ಶಿಗ್ಗಾವಿ. ಗಾಡಿ ತಗೊಂಡಿದ್ದು ಸವಣೂರಾಗ. ಜಾಮೀನುದಾರ ಹಿರೇಕೆರೂರಾಂವ.

ಕಾಕಾ: ಭಲೇ! ಮಂಡಿನೋವಿಗೆ ನಾ ನಮ್ಮೂರ ತಾರಕೇಶ್ವರನ ಗುಡಿಗೂ ಹೋಗವಲ್ಲೆ, ನನ್ನ ಹೆಸರು ಮೂರು ತಾಲ್ಲೂಕು ತಿರುಗೇತಿ!

ವಸೂಲಿಯವ: ಗಾಡಿ ತಗೊಂಡಾಂವ ಸಿಗವಲ್ಲ, ನೀವು ಸಿಕ್ಕೀರಿ. ಸಿಕ್ಕಾವ್ರ ಸಾಲಗಾರ್ರು!

ಕಾಕಾ: ಮುಂಜಾನೆ 8ರ ಒಳಗ ವಸೂಲಿಗೆ ಫೋನೂ ಮಾಡಬಾರದಂತ ರಿಸರ್ವ್ ಬ್ಯಾಂಕ್ 2022ರಾಗ ಹೇಳೈತಿ. ನೀ 6ಕ್ಕ ಮನಿಗೇ ಬಂದೀ!

ವಸೂಲಿಯವ: ಆ ಕಾಗದ ನಮಗಿನ್ನೂ ಮುಟ್ಟಿಲ್ರಿ.

ಕಾಕಾ: ನಾ ಮಾಡದ ಸಾಲ ಮಾತ್ರ ಮುಟ್ಟೇತಿ! ಕುಂದ್ರು, ಚಹಾ ಕುಡಿ. ನಾ ಸೈಬರ್ ವಂಚನೆ ಸಹಾಯವಾಣಿ 1930ಕ್ಕ ಫೋನ್ ಹಚ್ತೀನಿ.

(ವಸೂಲಿಯವ ಚಹಾ ಬಿಟ್ಟು ಗಾಡಿ ಹತ್ತತಾನ.)

ಓದುಗರೇ, ಆಧಾರ್ ಝೆರಾಕ್ಸ್ ಕೊಡುವಾಗ ಅದರ ಮೇಲೆ ಉದ್ದೇಶ, ತಾರೀಖು ಬರೆಯಿರಿ. ವರ್ಷಕ್ಕೊಮ್ಮೆ ಪುಕ್ಕಟೆ ಸಿಗುವ ಸಿಬಿಲ್ ವರದಿ ನೋಡಿರಿ. ನಿಮ್ಮದಲ್ಲದ ಸಾಲ ಕಂಡರೆ ಪೊಲೀಸರಿಗೂ ಸಾಲ ಕೊಟ್ಟವರಿಗೂ ಬರಹದಲ್ಲೇ ದೂರು ಕೊಡಿರಿ. ಹೆದರಿ ಒಂದು ಕಂತನ್ನೂ ಕಟ್ಟಬೇಡಿರಿ.